ದಡಾರದ ಎರಡನೇ ಡೋಸು ‘ಬೂಸ್ಟರ್’ ಅಲ್ಲ

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬ ತಾಯಿ ಕೇಳಿದ್ದರು: ‘ಪಾಪುಗೆ ಒಂದೂವರೆ ವರ್ಷ ಆಯ್ತು, ಎಂಆರ್ ಬಾಕಿ ಇದೆ, ಸ್ವಲ್ಪ ಶೀತ ಇದೆ, ಹಾಕಿಸಲಾ?’ ಎಂಆರ್ ಅಂದರೆ ದಡಾರ, ರುಬೆಲ್ಲಾ ಎರಡಕ್ಕೂ ಸೇರಿದ ಲಸಿಕೆ. ಬಂದ ಉತ್ತರ: ‘ಅದು ಬರೀ ಬೂಸ್ಟರ್ ಕಣ್ರೀ, ಮೊದಲನೇದು ಆಗಿದೆಯಲ್ಲ, ನಿಧಾನಕ್ಕೆ ಹಾಕಿಸಿ.’ ಕೆಳಗೆ ನಾಲ್ಕು ಹೆಬ್ಬೆಟ್ಟು. ಸಣ್ಣ ಶೀತ ಲಸಿಕೆಗೆ ಅಡ್ಡಿಯಲ್ಲ, ಅದು ಹಾಗಿರಲಿ. ಅಲ್ಲಿ ತೊಂದರೆ ಮಾಡಿದ್ದು ‘ಬರೀ ಬೂಸ್ಟರ್’ ಎಂಬ ಎರಡು ಪದ. ಇದನ್ನು ಕ್ಲಿನಿಕ್ಕುಗಳ ಜ್ಞಾಪನೆ ಸಂದೇಶಗಳಲ್ಲೂ ಓದಿ ಓದಿ ಸಾಕಾಗಿದೆ.

ಬೂಸ್ಟರ್ ಮನೆಮಾತಾದದ್ದು ಕೋವಿಡ್ ಕಾಲದಲ್ಲಿ. 2022ರ ಜನವರಿಯಲ್ಲಿ ಮೂರನೇ ಸುತ್ತು ಶುರುವಾದಾಗ ಸರ್ಕಾರ ಅದಕ್ಕೆ ‘ಮುನ್ನೆಚ್ಚರಿಕೆ ಡೋಸ್’ ಎಂದು ಹೆಸರಿಟ್ಟಿತು. ಜನ ಕೇಳಬೇಕಲ್ಲ? ಬೂಸ್ಟರ್ ಎಂದೇ ಕರೆದರು. ಅಲ್ಲಿ ಆ ಹೆಸರು ಸರಿಯಾಗಿಯೇ ಇತ್ತು. ಆಮೇಲೆ ಮೊದಲನೆಯದಲ್ಲದ ಚುಚ್ಚುಮದ್ದಿಗೆಲ್ಲ ಅದೇ ಹೆಸರಾಯಿತು.

ಇಂಗ್ಲಿಷಿನಲ್ಲಿ ‘ಬೂಸ್ಟ್’ ಅಂದರೆ ಮೊದಲಿಗೆ, ಹತ್ತುತ್ತಿರುವವನನ್ನು ಹಿಂದಿನಿಂದ ನೂಕಿ ಮೇಲೇರಿಸುವುದು. ಅವನು ಆಗಲೇ ಹತ್ತತೊಡಗಿರಬೇಕು. ನೆಲದ ಮೇಲೆ ಮಲಗಿದವನಿಗೆ ಬೂಸ್ಟ್ ಕೊಡಲಾಗದು. ಪತ್ರಿಕೆಗಳು ಬಳಸುವ ‘ವರ್ಧಕ ಡೋಸ್’ ಕೂಡ ಅದೇ ಜಾಡಿನದು. ವರ್ಧಿಸಬೇಕಾದರೆ ಒಳಗೆ ಏನಾದರೂ ಇರಬೇಕು. ಲಸಿಕೆಯ ಲೆಕ್ಕದಲ್ಲಿ, ಒಮ್ಮೆ ಚೆನ್ನಾಗಿ ಮೂಡಿದ ರಕ್ಷಣೆ ಕಾಲಕಳೆದಂತೆ ಇಳಿದಾಗ ಅದನ್ನು ಮತ್ತೆ ಏರಿಸುವ ಡೋಸು ಬೂಸ್ಟರ್.

ಈಗ ತಾಯಿ ಕಾರ್ಡ್ ತೆಗೆದು 16ರಿಂದ 24 ತಿಂಗಳ ಭಾಗ ನೋಡಿ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿಗೆ ಬೂಸ್ಟರ್ 1. ಪೋಲಿಯೋ ಹನಿಗೆ ಬೂಸ್ಟರ್. ಎಂಆರ್‌ಗೆ? ಬರೀ 2. ಕಾರ್ಡು ಮಾಡಿದವರು ಮರೆತು ಬಿಟ್ಟದ್ದಲ್ಲ. ಒಂದೇ ದಿನ ತೊಡೆಗೊಂದು, ಬಲ ತೋಳಿಗೊಂದು ಚುಚ್ಚಿಸಿಕೊಂಡು ಮಗು ಅಳುತ್ತಾ ಬರುವುದರಿಂದ ನಮ್ಮ ಬಾಯಲ್ಲಿ ಎರಡೂ ಬೂಸ್ಟರ್ ಆಗಿಬಿಡುತ್ತವೆ. ತೊಡೆಯದು ನಿಜಕ್ಕೂ ಬೂಸ್ಟರ್, ತೋಳಿನದು ಅಲ್ಲ.

ಸಿಸ್ಟರ್ ಅವೆರಡನ್ನು ಸಿದ್ಧಮಾಡುವುದನ್ನು ನೋಡಿದ್ದರೂ ವ್ಯತ್ಯಾಸ ಕಂಡಿರುತ್ತದೆ. ಡಿಪಿಟಿ ಮಸುಕು ದ್ರವ. ಸೀಸೆ ಕುಲುಕಿ ಹಾಗೇ ಸಿರಿಂಜಿಗೆ ಎಳೆದುಕೊಳ್ಳುತ್ತಾರೆ. ಎಂಆರ್ ಒಣ ಪುಡಿ. ಅದರ ಜೊತೆಗೇ ಬಂದ ದ್ರಾವಣ ಬೆರೆಸಿ, ಬೆರೆಸಿದ ಹೊತ್ತನ್ನು ಸೀಸೆಯ ಮೇಲೆ ಬರೆಯುತ್ತಾರೆ, ನಾಲ್ಕು ಗಂಟೆ ದಾಟಿದರೆ ಉಳಿದದ್ದನ್ನು ಬಳಸುವಂತಿಲ್ಲ. ಡಿಪಿಟಿಯಲ್ಲಿರುವುದು ವಿಷ ತೆಗೆದ ವಿಷವಸ್ತು ಮತ್ತು ಸತ್ತ ನಾಯಿಕೆಮ್ಮಿನ ರೋಗಾಣು. ಅವು ಒಳಗೆ ಹೋಗಿ ಬೆಳೆಯುವುದಿಲ್ಲ. ಹಾಗಾಗಿ 6, 10, 14 ವಾರಗಳಲ್ಲಿ ಪೆಂಟಾ (ಡಿಪಿಟಿಯೂ ಸೇರಿದ ಐದು ರೋಗಗಳ ಲಸಿಕೆ) ರೂಪದಲ್ಲಿ ಮೂರು ಸಲ ಕೊಟ್ಟು ಕಟ್ಟಿದ ರಕ್ಷಣೆ ಕ್ರಮೇಣ ಇಳಿಯುತ್ತದೆ. ಒಂದೂವರೆ ವರ್ಷಕ್ಕೆ ಒಮ್ಮೆ, ಐದಾರು ವರ್ಷಕ್ಕೆ ಇನ್ನೊಮ್ಮೆ, ಮತ್ತೆ ಹತ್ತಕ್ಕೆ, ಹದಿನಾರಕ್ಕೆ ಟಿಡಿ (ಧನುರ್ವಾಯು, ಗಂಟಲುಮಾರಿ ಮಾತ್ರ) ಹೆಸರಿನಲ್ಲಿ ಏರಿಸುತ್ತ ಹೋಗುವುದು ಅದಕ್ಕೇ.

ಎಂಆರ್‌ನಲ್ಲಿರುವುದು ಜೀವಂತ ವೈರಸ್, ದುರ್ಬಲಗೊಳಿಸಿದ್ದು. ಮಗುವಿನ ಮೈಯಲ್ಲಿ ಸ್ವಲ್ಪ ಬೆಳೆದು ಸಣ್ಣದೊಂದು ಸೋಂಕಿನ ನಾಟಕ ಆಡಿ ಹೋಗುತ್ತದೆ. ಆ ನಾಟಕ ಒಮ್ಮೆ ನಡೆದರೆ ದೇಹ ಬಹುಕಾಲ ಮರೆಯುವುದಿಲ್ಲ. ನಿಜವಾದ ದಡಾರವಂತೂ ಜನ್ಮಪೂರ್ತಿ ನೆನಪಿರುತ್ತದೆ. 1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫಾರೋ ದ್ವೀಪಗಳಿಗೆ ದಡಾರ ನುಗ್ಗಿ, ಎಂಟು ಸಾವಿರದೊಳಗಿನ ಜನಸಂಖ್ಯೆಯಲ್ಲಿ ಸುಮಾರು ಆರು ಸಾವಿರ ಮಂದಿ ಮಲಗಿದರು. ಅಲ್ಲಿಗೆ ಹೋದ ಪೀಟರ್ ಪಾನಮ್ ಎಂಬ ಡೆನ್ಮಾರ್ಕಿನ ತರುಣ ವೈದ್ಯ ಒಂದು ಸಂಗತಿ ಗಮನಿಸಿದ: 1781ರಲ್ಲಿ ದಡಾರ ಬಂದುಹೋಗಿದ್ದ ಮುದುಕ ಮುದುಕಿಯರು ಈ ಸಲ ಪಾರಾಗಿದ್ದರು. ನಡುವೆ ಅರವತ್ತೈದು ವರ್ಷ ದ್ವೀಪಕ್ಕೆ ದಡಾರ ಬಂದಿರಲಿಲ್ಲ. ಅವರ ನೆನಪನ್ನು ಏರಿಸಿದವರು ಯಾರೂ ಇರಲಿಲ್ಲ.

ಹಾಗಾದರೆ ಎರಡನೇ ಡೋಸು ಯಾಕೆ? ಮೊದಲನೆಯದು ಎಲ್ಲರಿಗೂ ಹತ್ತುವುದಿಲ್ಲ, ಅದಕ್ಕೆ. ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಹಾಕಿದರೆ ನೂರು ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ರಕ್ಷಣೆ ಮೂಡುತ್ತದೆ. ಉಳಿದ 15 ಮಕ್ಕಳಿಗೆ ಅರ್ಧಂಬರ್ಧ ಮೂಡಿದೆ ಎಂದಲ್ಲ, ಹೆಚ್ಚುಕಡಿಮೆ ಮೂಡಿಯೇ ಇಲ್ಲ. ಮುಖ್ಯ ಕಾರಣ ತಾಯಿ. ಬಸಿರಿನಲ್ಲಿ ಆಕೆಯಿಂದ ಬಂದ ಪ್ರತಿಕಾಯಗಳು ಕೆಲವು ಮಕ್ಕಳ ರಕ್ತದಲ್ಲಿ ಒಂಬತ್ತು ತಿಂಗಳಿಗೂ ಉಳಿದಿರುತ್ತವೆ. ಲಸಿಕೆಯ ವೈರಸ್ ತಲೆಯೆತ್ತುವ ಮೊದಲೇ ಹೊಡೆದುಹಾಕುತ್ತವೆ. ಅವು ಕರಗಲಿ ಎಂದು ಕಾದರೆ ಅಷ್ಟರೊಳಗೆ ದಡಾರವೇ ಬಂದೀತು. ಆದ್ದರಿಂದ ದಡಾರ ಹೆಚ್ಚಿರುವ ದೇಶಗಳು ಒಂಬತ್ತು ತಿಂಗಳಿಗೆ ಒಂದು ಡೋಸು ಹಾಕಿ, ಹತ್ತದವರಿಗಾಗಿ ಇನ್ನೊಂದನ್ನು ಇಟ್ಟುಕೊಳ್ಳುತ್ತವೆ. ಹತ್ತಿದವರು ಯಾರು, ಹತ್ತದವರು ಯಾರು ಎಂದು ಮುಖ ನೋಡಿ ಹೇಳಲಾಗದು. ಮಗುಮಗುವಿನ ರಕ್ತಪರೀಕ್ಷೆ ಮಾಡುತ್ತ ಕೂರುವುದಕ್ಕಿಂತ ಎಲ್ಲರಿಗೂ ಹಾಕುವುದು ಸಲೀಸು.

ಹೊಲ ಗೊತ್ತಿರುವವರಿಗೆ ಹೀಗೆ ಹೇಳಬಹುದು: ಡಿಪಿಟಿ ಬೂಸ್ಟರ್ ಅಂದರೆ ಮೇಲುಗೊಬ್ಬರ, ಎಂಆರ್ ಎರಡನೆಯದು ಮೊಳಕೆ ಬಾರದ ಕಡೆ ಮರುಬಿತ್ತನೆ.

ಮೊದಲನೆಯದು ಹತ್ತಿದ ಮಗುವಿಗೆ ಎರಡನೆಯದನ್ನು ಹಾಕಿದರೆ ಏನಾಗುತ್ತದೆ? ಇರುವ ಪ್ರತಿಕಾಯಗಳೇ ಲಸಿಕೆಯ ವೈರಸ್ಸನ್ನು ತಡೆಯುತ್ತವೆ. ರಕ್ಷಣೆಯ ಮಟ್ಟ ಏರಿದರೂ ಸ್ವಲ್ಪ ಕಾಲಕ್ಕೆ ಏರಿ, ಮತ್ತೆ ಮೊದಲಿದ್ದಲ್ಲಿಗೆ ಇಳಿಯುತ್ತದೆ. ನಷ್ಟವಿಲ್ಲ, ಲಾಭವೂ ಅಷ್ಟಕ್ಕಷ್ಟೆ. ಅಂದರೆ ಯಾವ ಮಗುವಿಗೆ ಅದು ಬೂಸ್ಟರ್ ಆದೀತೋ ಆ ಮಗುವಿಗೆ ಅದರ ಅಗತ್ಯ ಇರಲಿಲ್ಲ. ಯಾವ ಮಗುವಿಗೆ ಅಗತ್ಯವಿತ್ತೋ ಅದಕ್ಕೆ ಅದು ಬೂಸ್ಟರ್ ಅಲ್ಲ, ಕಾರ್ಯತಃ ಮೊದಲನೆಯದೇ. ‘ಬರೀ’ ಎಂದವರು ಆ ಮಗುವಿನ ವಿಷಯ ಮಾತಾಡುತ್ತಿದ್ದಾರೆ ಎಂಬುದು ಅವರಿಗೂ ತಿಳಿದಿರುವುದಿಲ್ಲ, ತಾಯಿಗೂ ತಿಳಿದಿರುವುದಿಲ್ಲ.

ಒಂದು ದಡಾರ ಪ್ರಕರಣ, ರಕ್ಷಣೆಯಿಲ್ಲದವರ ನಡುವೆ ಬಿದ್ದರೆ, 12ರಿಂದ 18 ಮಂದಿಗೆ ಅಂಟುತ್ತದೆ. ಅದನ್ನು ತಡೆಯಲು ನೂರಕ್ಕೆ 95ರಷ್ಟು ಜನರಲ್ಲಿ ರಕ್ಷಣೆ ಬೇಕು. ಒಂಬತ್ತು ತಿಂಗಳ ಒಂದೇ ಡೋಸನ್ನು ಊರಿನ ಒಂದು ಮಗುವನ್ನೂ ಬಿಡದೆ ಹಾಕಿದರೂ ಸಿಗುವುದು 85. ಅಮೆರಿಕ ಈ ಲೆಕ್ಕ ಕಲಿತದ್ದು ಒಂದು ಡೋಸು ಹಾಕಿಸಿಕೊಂಡ ಶಾಲಾ ಮಕ್ಕಳಲ್ಲೇ ದಡಾರ ಹರಡಿದ ಮೇಲೆ; 1989ರಲ್ಲಿ ಎರಡನೇ ಡೋಸನ್ನು ಶಿಫಾರಸು ಮಾಡಿತು. ನಮ್ಮ ರಾಷ್ಟ್ರೀಯ ಕಾರ್ಯಕ್ರಮಕ್ಕೆ ದಡಾರದ ಲಸಿಕೆ 1985ರಲ್ಲೇ ಬಂದಿದ್ದರೂ ಎರಡನೇ ಡೋಸು ಬಂದದ್ದು 2010ರಲ್ಲಿ. ರುಬೆಲ್ಲಾ ಸೇರಿ ಎಂಆರ್ ಆದದ್ದು 2017ರ ಫೆಬ್ರವರಿ ಅಭಿಯಾನದಿಂದ. ಮೊದಲ ಸುತ್ತಿನ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ರುಬೆಲ್ಲಾ ಭಾಗ ಒಂದೇ ಡೋಸಿಗೆ ಚೆನ್ನಾಗಿ ಹತ್ತುತ್ತದೆ, ತಕರಾರಿಲ್ಲ.

ಎಂಎಂಆರ್ ಎಂಬ ಪದದ ಬಗ್ಗೆಯೂ ಒಂದು ಮಾತು. ‘ಪಿಎಚ್‌ಸಿಯಲ್ಲಿ ಎಂಎಂಆರ್ ಹಾಕಿಸಿದ್ವಿ’ ಎನ್ನುವವರು ಹಾಕಿಸಿರುವುದು ಎಂಆರ್. ಇನ್ನೊಂದು ‘ಎಂ’ ಮಂಗನಬಾವಿನದು, ಅದು ರಾಷ್ಟ್ರೀಯ ವೇಳಾಪಟ್ಟಿಯಲ್ಲಿಲ್ಲ. ಖಾಸಗಿ ಮಕ್ಕಳ ವೈದ್ಯರು ಅನುಸರಿಸುವ ಭಾರತೀಯ ಮಕ್ಕಳ ವೈದ್ಯರ ಸಂಘದ ಪಟ್ಟಿಯಲ್ಲಿ ಎಂಎಂಆರ್ ಇದೆ: 9 ತಿಂಗಳು, 15 ತಿಂಗಳು, ಮತ್ತೆ 4ರಿಂದ 6 ವರ್ಷದೊಳಗೆ. ನ್ಯಾಯವಾಗಿ ‘ಬೂಸ್ಟರ್’ ಪದಕ್ಕೆ ಇಲ್ಲಿ ಕೊಂಚ ಜಾಗ ಇರುವುದು ಮಂಗನಬಾವಿಗೆ ಮಾತ್ರ. ಅದರ ರಕ್ಷಣೆ ವರ್ಷಗಳು ಉರುಳಿದಂತೆ ಸವೆಯುತ್ತದೆ. ಎರಡು ಡೋಸು ಹಾಕಿಸಿಕೊಂಡ ಕಾಲೇಜು ಹುಡುಗರಿಗೂ ಬಂದದ್ದಿದೆ. ಅಂಥ ಕಡೆ ಅಮೆರಿಕದಲ್ಲಿ 2018ರಿಂದ ಮೂರನೇ ಡೋಸು ಕೊಡುತ್ತಾರೆ.

ಇದಕ್ಕೆ ತಿರುಗುಮುರುಗಾದ ಇನ್ನೊಂದಿದೆ, ‘ಶೂನ್ಯ ಡೋಸು’. ದಡಾರ ಹಬ್ಬಿದ ಕಡೆ ಆರು ತಿಂಗಳು ತುಂಬಿದ ಕೂಸುಗಳಿಗೂ ಲಸಿಕೆ ಹಾಕುವುದುಂಟು. 2022ರಲ್ಲಿ ಮುಂಬೈಯಲ್ಲಿ ದಡಾರ ಎದ್ದಾಗ ಆ ಸಲಹೆ ಬಂದಿತ್ತು. ತಾಯಿಯ ಪ್ರತಿಕಾಯ ದಟ್ಟವಾಗಿರುವ ವಯಸ್ಸಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂಬತ್ತು ತಿಂಗಳದ್ದು, ಒಂದೂವರೆ ವರ್ಷದ್ದು ಎರಡೂ ಮತ್ತೆ ಆಗಬೇಕು. ‘ಒಂಬತ್ತು ತಿಂಗಳದ್ದು’, ‘ಒಂದೂವರೆ ವರ್ಷದ್ದು’: ಹಳ್ಳಿಯ ತಾಯಂದಿರು, ಆಶಾ ಕಾರ್ಯಕರ್ತೆಯರು ಹೇಳುವುದು ಹೀಗೇ. ಬೂಸ್ಟರ್‌ಗಿಂತ ಎಷ್ಟೋ ವಾಸಿ.

ಒಂದೂವರೆ ವರ್ಷದ್ದು ತಪ್ಪಿಹೋಗಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ. ಸರ್ಕಾರಿ ಕಾರ್ಯಕ್ರಮದಲ್ಲಿ ಐದು ವರ್ಷ ತುಂಬುವವರೆಗೂ ಎಂಆರ್ ಹಾಕುತ್ತಾರೆ. ಒಂದೂ ಆಗದ ಮಗುವಾದರೆ ಎರಡು ಡೋಸಿನ ನಡುವೆ ಒಂದು ತಿಂಗಳಾದರೂ ಬಿಡಬೇಕು. ಹೋಗುವಾಗ ತಾಯಿ ಕಾರ್ಡ್ ಮರೆಯಬೇಡಿ, ಡಿಪಿಟಿ ಬೂಸ್ಟರ್ ಕೂಡ ಬಾಕಿ ಇದ್ದರೆ ಅದೇ ದಿನ ಮುಗಿಯುತ್ತದೆ.