ಲೆಮಾಂಡ್ 8 ಸೆಕೆಂಡಿನಲ್ಲಿ ಗೆದ್ದಿದ್ದು ಹ್ಯಾಂಡಲ್‌ನಿಂದಲೇ?

ಪ್ರಶ್ನೆ: 1989ರ ಟೂರ್ ಡಿ ಫ್ರಾನ್ಸ್ ಸೈಕಲ್ ಓಟವನ್ನು ಅಮೆರಿಕದ ಗ್ರೆಗ್ ಲೆಮಾಂಡ್ ಗೆದ್ದದ್ದು ಸೈಕಲ್ಲಿಗೆ ಹಾಕಿಕೊಂಡಿದ್ದ ಹೊಸ ಹ್ಯಾಂಡಲ್‌ನಿಂದ ಮಾತ್ರ ಅನ್ನುತ್ತಾರೆ. ನಿಜವೇ? ನನ್ನ ಸೈಕಲ್ಲಿಗೂ ಹಾಕಿಸಿದರೆ ವೇಗ ಹೆಚ್ಚುತ್ತದೆಯೇ?

ಉತ್ತರ: ಕೊನೆಯ ದಿನದ ಓಟದಲ್ಲಿ ಆ ಹ್ಯಾಂಡಲ್‌ಗೆ ದೊಡ್ಡ ಪಾಲಿದೆ. ಆದರೆ ‘ಅದರಿಂದ ಮಾತ್ರ’ ಎಂಬ ಮಾತು ಲೆಕ್ಕ ಹಾಕಿದರೆ ನಿಲ್ಲುವುದಿಲ್ಲ.

ಜುಲೈ 23ರಂದು ವರ್ಸೇಲ್ಸ್‌ನಿಂದ ಪ್ಯಾರಿಸ್‌ವರೆಗೆ 24.5 ಕಿ.ಮೀ. ಟೈಮ್ ಟ್ರಯಲ್ (ಒಬ್ಬೊಬ್ಬರೇ ಹೊರಟು ಗಡಿಯಾರದ ವಿರುದ್ಧ ಓಡುವ ಸ್ಪರ್ಧೆ) ಇತ್ತು. ಎಲ್ಲ ದಿನಗಳ ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಹಳದಿ ಜೆರ್ಸಿ ಫ್ರಾನ್ಸಿನ ಲೊರಾಂ ಫಿನ್ಯೋಂ ಮೈಮೇಲಿತ್ತು, ಲೆಮಾಂಡ್‌ಗಿಂತ 50 ಸೆಕೆಂಡ್ ಮುಂದೆ. ಅಂದರೆ ಲೆಮಾಂಡ್ ಒಂದೊಂದು ಕಿಲೋಮೀಟರಿಗೂ 2 ಸೆಕೆಂಡಿಗಿಂತ ತುಸು ಹೆಚ್ಚೇ ಗಳಿಸಬೇಕಿತ್ತು. ದಾರಿಯಲ್ಲಿ ತನಗೆ ಸಮಯ ಹೇಳಬೇಡಿ ಎಂದು ತಂಡದವರಿಗೆ ಹೇಳಿ ಹೊರಟರು. 26 ನಿಮಿಷ 57 ಸೆಕೆಂಡಿನಲ್ಲಿ, ಗಂಟೆಗೆ ಸರಾಸರಿ 54.545 ಕಿ.ಮೀ. ವೇಗದಲ್ಲಿ ಮುಗಿಸಿದರು. ಫಿನ್ಯೋಂಗೆ 27 ನಿಮಿಷ 55 ಸೆಕೆಂಡ್ ಹಿಡಿಯಿತು. ವ್ಯತ್ಯಾಸ 58 ಸೆಕೆಂಡ್. ಸುಮಾರು 3,285 ಕಿ.ಮೀ. ಓಟ 8 ಸೆಕೆಂಡಿನಲ್ಲಿ ಇತ್ಯರ್ಥವಾಯಿತು.

ಇಬ್ಬರ ವೇಗಕ್ಕೂ ಇದ್ದ ಅಂತರ ಶೇ. 3.6ರಷ್ಟು. ಸಣ್ಣದು ಅನ್ನಿಸಬಹುದು. ಆದರೆ ಈ ವೇಗದಲ್ಲಿ ಸವಾರನ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ, ಅದಕ್ಕೆ ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ. ಹಾಗಾಗಿ ಅದೇ ಭಂಗಿಯಲ್ಲಿ ಶೇ. 3.6 ವೇಗ ಹೆಚ್ಚಿಸಲು ಸುಮಾರು ಶೇ. 11 ಹೆಚ್ಚು ಶಕ್ತಿ ಬೇಕು. ಮೂರನೇ ವಾರದ ದಣಿವಿನಲ್ಲಿ ಅಷ್ಟನ್ನು ಯಾರ ಕಾಲೂ ಕೊಡುವುದಿಲ್ಲ. ಗಾಳಿಗೆ ಒಡ್ಡಿದ ಮೈಯನ್ನು ಕಿರಿದು ಮಾಡಿದರೆ ಅದರಲ್ಲಿ ಬಹುಪಾಲು ದಕ್ಕುತ್ತದೆ. ಅಮೆರಿಕದ ಸ್ಕೀ ಕೋಚ್ ಬೂನ್ ಲೆನನ್ ರೂಪಿಸಿದ್ದ, ಟ್ರಯಥ್ಲಾನ್‌ನವರು (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆಯವರು) ಆಗಲೇ ಬಳಸುತ್ತಿದ್ದ ಆ ಬಾಗಿದ ಹ್ಯಾಂಡಲ್ ಮಾಡಿದ್ದು ಇದನ್ನೇ: ಮೊಣಕೈ ಎರಡೂ ಒತ್ತಾಗಿ ಮೆತ್ತೆಯ ಮೇಲೆ, ಅಂಗೈ ಮುಂದಕ್ಕೆ, ಎದೆ ತಗ್ಗಿ ಮರೆಗೆ. ಫಿನ್ಯೋಂ ಮಾಮೂಲಿ ಕೊಂಬಿನ ಹ್ಯಾಂಡಲ್ ಹಿಡಿದು, ಹೆಲ್ಮೆಟ್ ಇಲ್ಲದೆ, ಜುಟ್ಟು ಹಾರಿಸಿಕೊಂಡು ಹೋದರು.

ಈಗ ಎಲ್ಲರೂ ಮರೆಯುವ ಸಂಗತಿ. ಲೆಮಾಂಡ್ ಅಂಥ ಹ್ಯಾಂಡಲ್ಲನ್ನು 5ನೇ ಹಂತದಲ್ಲೇ, ದಿನಾರ್‌ನಿಂದ ರೆನ್‌ವರೆಗಿನ 73 ಕಿ.ಮೀ. ಟೈಮ್ ಟ್ರಯಲ್‌ನಲ್ಲೂ ಬಳಸಿದ್ದರು. ಅಲ್ಲಿ ಫಿನ್ಯೋಂಗಿಂತ 56 ಸೆಕೆಂಡ್ ಗಳಿಸಿದರು, ಕಿಲೋಮೀಟರಿಗೆ ಮುಕ್ಕಾಲು ಸೆಕೆಂಡ್ ಚಿಲ್ಲರೆ. ಪ್ಯಾರಿಸ್‌ನಲ್ಲಿ ಅದರ ಮೂರು ಪಟ್ಟು ದಕ್ಕಿತು. ದಾರಿ, ಗಾಳಿ ಬೇರೆ ಇರಬಹುದು, ಆದರೂ ಮಿಕ್ಕ ಸೆಕೆಂಡುಗಳೆಲ್ಲ ಹ್ಯಾಂಡಲ್‌ನವಲ್ಲ. ಕೊನೆಯ ದಿನಗಳಲ್ಲಿ ಫಿನ್ಯೋಂಗೆ ಸೀಟು ಉಜ್ಜಿ ಕೂರುವ ಜಾಗದಲ್ಲಿ ಹುಣ್ಣಾಗಿತ್ತು. ಟೈಮ್ ಟ್ರಯಲ್‌ನಲ್ಲಿ ಸೀಟಿನ ಮೇಲೆ ಒಂದೇ ಭಂಗಿಯಲ್ಲಿ ಒತ್ತಿ ಕೂರಬೇಕು, ನೋವಿಗೆ ಮೈ ಅಲ್ಲಾಡಿದರೆ ಲಯ ತಪ್ಪುತ್ತದೆ. ಜೊತೆಗೆ ಅವರು ಮುಂದೂ ಹಿಂದೂ ಡಿಸ್ಕ್ ಚಕ್ರ (ಕಡ್ಡಿಗಳ ಬದಲು ತಟ್ಟೆಯಂತೆ ಮುಚ್ಚಿದ ಚಕ್ರ) ಹಾಕಿಸಿದ್ದರು. ಅಡ್ಡಗಾಳಿ ಬಂದರೆ ಮುಂದಿನ ಡಿಸ್ಕ್ ಸೈಕಲ್ಲನ್ನು ಎಳೆದಾಡಿಸುತ್ತದೆ. ಇಷ್ಟಾದರೂ ಆ ದಿನ ಅವರದು ಮೂರನೇ ಸ್ಥಾನ! ಸೋತವರು ಎಂದು ಅವರನ್ನು ಹಗುರವಾಗಿ ಕಾಣುವುದು ಸರಿಯಲ್ಲ.

ಲೆಮಾಂಡ್ ಕಳೆದುಕೊಂಡದ್ದನ್ನೂ ನೋಡಿ. 2ನೇ ಹಂತದ ತಂಡಗಳ ಟೈಮ್ ಟ್ರಯಲ್‌ನಲ್ಲಿ ಅವರ ಎಡಿಆರ್ ತಂಡ ಫಿನ್ಯೋಂ ತಂಡಕ್ಕೆ 51 ಸೆಕೆಂಡ್ ಬಿಟ್ಟುಕೊಟ್ಟಿತ್ತು. ಓರ್ಸಿಯೇರ್-ಮೆರ್ಲೆಟ್‌ನ ಏರುದಾರಿಯ ಟೈಮ್ ಟ್ರಯಲ್‌ನಲ್ಲಿ 47 ಸೆಕೆಂಡ್ ಗಳಿಸಿದ್ದನ್ನು ಅಲ್ಪ್ ದುಯೆಜ್ ಬೆಟ್ಟದಲ್ಲಿ 1 ನಿಮಿಷ 19 ಸೆಕೆಂಡ್ ಹಿಂದೆ ಬಿದ್ದು ಕಳೆದರು. ಬೆಟ್ಟದಲ್ಲಿ ಇನ್ನು ಒಂಬತ್ತು ಸೆಕೆಂಡ್ ಹೆಚ್ಚು ಬಿಟ್ಟುಕೊಟ್ಟಿದ್ದರೆ ಯಾವ ಹ್ಯಾಂಡಲ್ಲೂ ಕಾಪಾಡುತ್ತಿರಲಿಲ್ಲ. 1987ರ ಏಪ್ರಿಲ್‌ನಲ್ಲಿ ಬೇಟೆಗೆ ಹೋದಾಗ ಆಕಸ್ಮಿಕವಾಗಿ ಗುಂಡು ತಗಲಿ ಸಾವಿನ ಅಂಚಿಗೆ ಹೋಗಿದ್ದ ಮನುಷ್ಯ ಇವರು. ಮೈಯೊಳಗೆ ಚರೆಗಳು ಉಳಿದೇ ಇದ್ದವು. 1989ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಶಾಂಬೆರಿಯಲ್ಲಿ ವಿಶ್ವ ಚಾಂಪಿಯನ್ ಆದದ್ದು ಗುಂಪಿನ ಓಟದಲ್ಲಿ, ಮಾಮೂಲಿ ಹ್ಯಾಂಡಲ್ ಹಿಡಿದು. ಈ ಸವಾರನನ್ನು ಅಳೆಯಲು ನನಗೆ ಪ್ಯಾರಿಸ್‌ಗಿಂತ ಶಾಂಬೆರಿಯೇ ಮುಖ್ಯ ಅನ್ನಿಸುತ್ತದೆ.

ನಿಮ್ಮ ಸೈಕಲ್ಲಿನ ಮಾತು. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ದಾಟುವವರಾದರೆ ಲಾಭ ಖಂಡಿತ ಕಾಣುತ್ತದೆ. ಏರಿನಲ್ಲಿ ಅದು ಬರೀ ಭಾರ. ಹ್ಯಾಂಡಲ್ ಹಾಕಿ ಸೀಟನ್ನು ಹಾಗೇ ಬಿಡುವುದೇ ಎಲ್ಲರೂ ಮಾಡುವ ತಪ್ಪು. ಆಗ ತೊಡೆ ಹೊಟ್ಟೆಗೆ ತಾಗಿ ಪೆಡಲ್ ತುಳಿತ ಕುಗ್ಗುತ್ತದೆ. ಸೀಟನ್ನು 1–2 ಸೆಂ.ಮೀ. ಮುಂದಕ್ಕೆ ಸರಿಸಿ, ಮೊಣಕೈ ಸುಮಾರು 90–100 ಡಿಗ್ರಿ ಬಾಗುವಂತೆ ಮೆತ್ತೆ ಕೂರಿಸಿ. ಬೋಲ್ಟುಗಳನ್ನು ಅದರ ಮೇಲೆ ಬರೆದಿರುವಷ್ಟೇ ಬಿಗಿ ಮಾಡಿ. ಕಾರ್ಬನ್ ಹ್ಯಾಂಡಲ್ ಆಗಿದ್ದರೆ ಕ್ಲ್ಯಾಂಪ್ ಹಾಕಬಹುದೆಂದು ತಯಾರಕರು ಹೇಳಿದ್ದಾರೆಯೇ ನೋಡಿ, ಇಲ್ಲದಿದ್ದರೆ ಒತ್ತಡಕ್ಕೆ ಸೀಳುತ್ತದೆ. ಬ್ರೇಕಿನಿಂದ ಕೈ ದೂರ ಇರುವುದರಿಂದ ಮೊದಮೊದಲು ಖಾಲಿ ರಸ್ತೆಯಲ್ಲಿ ಐದೈದು ನಿಮಿಷ ಮಾತ್ರ ರೂಢಿ ಮಾಡಿ. ಗುಂಪಿನ ರೇಸಿಗೆ ಹೆಸರು ಕೊಟ್ಟಿದ್ದರೆ ಕಳಚಿಟ್ಟು ಹೋಗಿ, ಅಲ್ಲಿ ಇದಕ್ಕೆ ಅನುಮತಿ ಇಲ್ಲ.