ಫೋನಿನಿಂದ ಲಿನಕ್ಸ್‌ಗೆ ಫೈಲು ಹೋಗುತ್ತಿಲ್ಲವೇ? ದಾರಿ ಎಲ್ಲಿ ಕಟ್ಟಿದೆ ನೋಡಿ

ಫೋನಿನಲ್ಲಿ 4ಕೆ ಗುಣಮಟ್ಟದಲ್ಲಿ ಮೂರು ನಿಮಿಷ ತೆಗೆದ ವಿಡಿಯೊ ಹೆಚ್ಚುಕಡಿಮೆ 1 ಜಿಬಿ ಆಗುತ್ತದೆ. ಅದನ್ನು ಪಕ್ಕದ ಮೇಜಿನ ಮೇಲಿರುವ ಲಿನಕ್ಸ್ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಲು ಬಹಳ ಜನ ತಮಗೆ ತಾವೇ ವಾಟ್ಸಾಪ್ ಮಾಡಿಕೊಳ್ಳುತ್ತಾರೆ. ಡಾಕ್ಯುಮೆಂಟ್ ಎಂದು ಕಳಿಸದೆ ವಿಡಿಯೊ ಎಂದೇ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸಿಬಿಡುತ್ತದೆ. ಡ್ರೈವ್‌ಗೆ ಏರಿಸಿ ಇಳಿಸಿಕೊಂಡರೆ ಗುಣಮಟ್ಟ ಉಳಿಯುತ್ತದೆ, ಆದರೆ ಎರಡು ಅಡಿ ದೂರಕ್ಕೆ ಹೋಗಬೇಕಾದ ಫೈಲು ಎಲ್ಲೋ ದೂರದ ಸರ್ವರಿಗೆ ಹೋಗಿ ಬರಬೇಕು. ಎರಡೂ ಸಾಧನ ಮನೆಯ ಒಂದೇ ವೈಫೈನಲ್ಲಿರುವಾಗ ಇದು ಬೇಕಾಗಿಯೇ ಇಲ್ಲ. ಇದಕ್ಕೆಂದೇ ಕೆಡಿಇ ಕನೆಕ್ಟ್ ಎಂಬ ಆ್ಯಪ್ ಇದೆ. ಲಿನಕ್ಸ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪ್ ಬಳಸುವವರಿಗೆ ಅದೇ ಪ್ರೋಟೊಕಾಲಿನಲ್ಲಿ (ಅದೇ ಭಾಷೆಯಲ್ಲಿ) ಮಾತಾಡುವ ಜಿಎಸ್‌ಕನೆಕ್ಟ್ ಇದೆ. ಆಂಡ್ರಾಯ್ಡ್, ಐಫೋನ್, ಲಿನಕ್ಸ್ ಎಲ್ಲದರಲ್ಲೂ ಓಡುವ ಲೋಕಲ್‌ಸೆಂಡ್ ಇದೆ. ಮೂರೂ ಉಚಿತ, ಮೂರೂ ಮುಕ್ತ ತಂತ್ರಾಂಶ. ಫೈಲು ಎನ್‌ಕ್ರಿಪ್ಟ್ ಆಗಿ, ಮನೆಯೊಳಗೇ ಸಾಗುತ್ತದೆ.

ಕೈಕೊಟ್ಟ ದಿನ ಮಾತ್ರ ಜನ ದಿಕ್ಕು ತಪ್ಪುತ್ತಾರೆ. ಆ್ಯಪ್ ತೆಗೆದು ಮತ್ತೆ ಹಾಕುತ್ತಾರೆ, ಫೋನ್ ರೀಸ್ಟಾರ್ಟ್ ಮಾಡುತ್ತಾರೆ, ಕೊನೆಗೆ ಲಿನಕ್ಸನ್ನೇ ಬೈಯುತ್ತಾರೆ. ತೊಂದರೆ ಹೆಚ್ಚಾಗಿ ಆ್ಯಪಿನಲ್ಲಿ ಇರುವುದೇ ಇಲ್ಲ. ಫೈಲು ಕಳಿಸುವುದೆಂದರೆ ಎರಡು ಬೇರೆ ಬೇರೆ ಕೆಲಸ: ಮೊದಲು ಎರಡು ಸಾಧನಗಳು ಒಂದನ್ನೊಂದು ಗುರುತಿಸಬೇಕು, ಆಮೇಲೆ ಫೈಲು ಸಾಗಬೇಕು. ಇದರಲ್ಲಿ ಯಾವುದು ನಿಂತಿದೆ ಎಂದು ಮೊದಲು ತಿಳಿದುಕೊಳ್ಳಬೇಕು.

ಗುರುತಿಸುವ ಕೆಲಸ ಹೀಗೆ ನಡೆಯುತ್ತದೆ. ಕೆಡಿಇ ಕನೆಕ್ಟ್ ತೆರೆದ ಕೂಡಲೇ ಅದು 1716ನೇ ಪೋರ್ಟ್‌ಗೆ (ಪೋರ್ಟ್ ಎಂದರೆ ಸಾಧನದ ಸಂಖ್ಯೆ ಹಾಕಿದ ಬಾಗಿಲು) ಒಂದು ಯುಡಿಪಿ ಪ್ಯಾಕೆಟ್ಟನ್ನು, ಅಂದರೆ ಸಂಪರ್ಕ ಕಟ್ಟದೆ ಎಸೆಯುವ ಸಣ್ಣ ಸಂದೇಶವನ್ನು, ಎಲ್ಲರಿಗೂ ಬ್ರಾಡ್‌ಕಾಸ್ಟ್ ಮಾಡುತ್ತದೆ. ವಠಾರದ ನಡುವೆ ನಿಂತು ‘ನಾನು ಬಂದಿದ್ದೀನಿ’ ಎಂದು ಕೂಗಿದ ಹಾಗೆ. ಕೇಳಿಸಿಕೊಂಡ ಸಾಧನ ಕೂಗಿದ ಸಾಧನದ ಕಡೆಗೆ ಟಿಸಿಪಿ ಸಂಪರ್ಕ (ಎರಡೂ ಕಡೆ ಮಾತಾಡುವ ಸ್ಥಿರ ಸಂಪರ್ಕ) ತೆರೆಯುತ್ತದೆ. ಲೋಕಲ್‌ಸೆಂಡ್ ಇದನ್ನೇ 224.0.0.167 ಎಂಬ ಮಲ್ಟಿಕಾಸ್ಟ್ (ಗುಂಪಿಗೆಲ್ಲ ಕೇಳಿಸುವ) ವಿಳಾಸಕ್ಕೆ, 53317ನೇ ಪೋರ್ಟ್‌ನಲ್ಲಿ ಮಾಡುತ್ತದೆ. ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ಒಂದೋ ಕೂಗು ತಲುಪಿಲ್ಲ, ಇಲ್ಲವೇ ಉತ್ತರ ತಲುಪಿಲ್ಲ.

ಆದ್ದರಿಂದ ಮೊದಲು ನೋಡಬೇಕಾದದ್ದು ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಸಾಧನಕ್ಕಿರುವ ಐಪಿ ಸಂಖ್ಯೆ. ಟರ್ಮಿನಲ್ ತೆರೆದು ‘ಐಪಿ ಎ’ ಎಂದು ಕೊಡಿ. (ಇಲ್ಲಿ ಕಮಾಂಡುಗಳನ್ನೆಲ್ಲ ಕನ್ನಡದಲ್ಲಿ ಬರೆದಿದೆ, ಟೈಪ್ ಮಾಡುವುದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ.) ‘ಡಬ್ಲ್ಯೂಎಲ್’ ಎಂದು ಶುರುವಾಗುವ ಸಾಲಿನ ಕೆಳಗೆ 192.168.1.23ರಂಥ ಸಂಖ್ಯೆ ಸಿಗುತ್ತದೆ. ಸಾಫ್ಟ್‌ವೇರ್ ಕೆಲಸದವರ ಲ್ಯಾಪ್‌ಟಾಪಿನಲ್ಲಿ 172.17.0.1 ಎಂಬುದೂ ಕಾಣಿಸಬಹುದು. ಅದು ಡಾಕರ್ ಎಂಬ ತಂತ್ರಾಂಶ ಹಾಕಿಕೊಂಡ ವಿಳಾಸ, ಅದಕ್ಕೂ ವೈಫೈಗೂ ಸಂಬಂಧವಿಲ್ಲ. ಫೋನಿನ ವಿಳಾಸ ವೈಫೈ ಸೆಟ್ಟಿಂಗಿನಲ್ಲಿ ಆ ನೆಟ್‌ವರ್ಕಿನ ಹೆಸರು ಮುಟ್ಟಿದರೆ ಸಿಗುತ್ತದೆ. ಮನೆಯ ರೂಟರುಗಳಲ್ಲಿ ಸಾಮಾನ್ಯವಾಗಿ ಎರಡರ ಮೊದಲ ಮೂರು ಸಂಖ್ಯೆಗಳೂ ಒಂದೇ ಆಗಿರಬೇಕು. 169.254ರಿಂದ ಶುರುವಾದರೆ ರೂಟರು ವಿಳಾಸವನ್ನೇ ಕೊಟ್ಟಿಲ್ಲ ಎಂದರ್ಥ. ವೈಫೈ ಕಡಿದು ಮತ್ತೆ ಸೇರಿಕೊಳ್ಳಿ.

ಒಂದು 192.168.1, ಇನ್ನೊಂದು 192.168.0 ಎಂದು ಬಂದರೆ? ಬೆಂಗಳೂರಿನ ಮನೆಗಳಲ್ಲಿ ಇದು ತೀರ ಸಾಮಾನ್ಯ. ಫೈಬರ್ ಕಂಪನಿಯವರು ಬಾಗಿಲ ಬಳಿ ಒಂದು ಪೆಟ್ಟಿಗೆ ಕೂರಿಸಿ ಹೋಗಿರುತ್ತಾರೆ, ಅದಕ್ಕೂ ವೈಫೈ ಇರುತ್ತದೆ. ಒಳಕೋಣೆಗೆ ಸಿಗ್ನಲ್ ಸಾಲದೆಂದು ಮನೆಯವರು ಇನ್ನೊಂದು ರೂಟರು ತಂದು, ಮೊದಲನೆಯದರಿಂದ ವೈರು ಎಳೆದು ಅದರ ವ್ಯಾನ್ ಪೋರ್ಟ್‌ಗೆ (ಇಂಟರ್ನೆಟ್ ವೈರಿನ ತೂತಿಗೆ) ಚುಚ್ಚಿರುತ್ತಾರೆ. ಇಂಟರ್ನೆಟ್ ಎರಡರಲ್ಲೂ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಮನೆಯಲ್ಲೀಗ ಎರಡು ಪ್ರತ್ಯೇಕ ನೆಟ್‌ವರ್ಕುಗಳಾಗಿವೆ, ಬ್ರಾಡ್‌ಕಾಸ್ಟ್ ಒಂದರಿಂದ ಇನ್ನೊಂದಕ್ಕೆ ದಾಟದು. ಒಳ ರೂಟರಿನಲ್ಲಿರುವ ಲ್ಯಾಪ್‌ಟಾಪ್ ಹೊರಗಿನ ಫೋನನ್ನು ಮುಟ್ಟಬಲ್ಲದು, ಫೋನಿಗೆ ಲ್ಯಾಪ್‌ಟಾಪ್ ಸಿಗದು. ಎರಡನೇ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ಬೇರೆ ನೆಟ್‌ವರ್ಕು ಮಾಡದೆ ಮೊದಲನೆಯದನ್ನೇ ಹರಡುವ ಸ್ಥಿತಿಗೆ) ಹಾಕುವುದು ಸರಿಯಾದ ಪರಿಹಾರ. ಆ ಆಯ್ಕೆ ಇಲ್ಲದ ಹಳೆಯ ರೂಟರಾದರೆ ಮೊದಲು ಅದರ ವಿಳಾಸವನ್ನು ಮೊದಲನೆಯದಕ್ಕೆ ಡಿಕ್ಕಿ ಹೊಡೆಯದ ಹಾಗೆ 192.168.1.2ರಂತೆ ಬದಲಿಸಿ, ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ವೈರನ್ನು ವ್ಯಾನ್‌ನಿಂದ ಕಿತ್ತು ಲ್ಯಾನ್ ಪೋರ್ಟ್‌ಗೆ ಹಾಕಬೇಕು. ಹತ್ತು ನಿಮಿಷದ ಕೆಲಸ, ಮಾಡಿಟ್ಟರೆ ಪ್ರಿಂಟರು, ಟಿವಿ ಎಲ್ಲದರ ತಕರಾರೂ ಹೋಗುತ್ತದೆ.

ವಿಳಾಸ ಸರಿಯಿದ್ದೂ ಕಾಣದಿದ್ದರೆ ‘ಪಿಂಗ್’ ಎಂದು ಬರೆದು ಮುಂದೆ ಫೋನಿನ ವಿಳಾಸ ಕೊಡಿ. ಫೋನಿನ ಸ್ಕ್ರೀನ್ ಆನ್ ಇರಲಿ. ಉತ್ತರವೇ ಬಾರದಿದ್ದರೆ, ಅದೂ ನೀವು ಪಿಜಿಯಲ್ಲೋ ಹಾಸ್ಟೆಲಿನಲ್ಲೋ ಕೆಫೆಯಲ್ಲೋ ಇದ್ದರೆ, ಅಲ್ಲಿನ ವೈಫೈನಲ್ಲಿ ಕ್ಲೈಂಟ್ ಐಸೊಲೇಷನ್ ಹಾಕಿರುವ ಸಂಭವ ಹೆಚ್ಚು. ಪ್ರತಿ ಸಾಧನವೂ ಇಂಟರ್ನೆಟ್ಟಿಗೆ ಹೋಗಬಹುದು, ಪಕ್ಕದ ಸಾಧನದ ಜೊತೆ ಮಾತಾಡುವಂತಿಲ್ಲ. ಮನೆಯ ರೂಟರಿನ ಗೆಸ್ಟ್ ನೆಟ್‌ವರ್ಕಿನಲ್ಲೂ ಸಾಮಾನ್ಯವಾಗಿ ಇದೇ ನಿಯಮ ಇರುತ್ತದೆ. ನೂರಾರು ಅಪರಿಚಿತರು ಒಂದೇ ವೈಫೈ ಹಂಚಿಕೊಳ್ಳುವ ಜಾಗದಲ್ಲಿ ಇದು ಇರಬೇಕಾದದ್ದೇ. ಲಿನಕ್ಸ್ ಕಡೆಯಿಂದ ಇದಕ್ಕೆ ಮದ್ದಿಲ್ಲ, ಹುಡುಕುತ್ತ ಕೂರಬೇಡಿ. ಫೋನಿನ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪನ್ನು ಅದಕ್ಕೆ ಸೇರಿಸಿ. ಆಗ ಫೋನೇ ರೂಟರು. ‘ಐಪಿ ರೂಟ್’ ಕೊಟ್ಟರೆ ಬರುವ ‘ಡಿಫಾಲ್ಟ್’ ಸಾಲಿನಲ್ಲಿರುವುದೇ ಫೋನಿನ ವಿಳಾಸ. ಹೆಸರು ತಾನಾಗಿ ಕಾಣದಿದ್ದರೆ ಆ ವಿಳಾಸವನ್ನು ಕೈಯಾರೆ ಸೇರಿಸಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿದ್ದರೂ ಫೈಲು ಹೋಗುತ್ತದೆ. ಆಫ್ ಮಾಡುವುದೇ ಒಳ್ಳೆಯದು, ಇಲ್ಲದಿದ್ದರೆ ಲ್ಯಾಪ್‌ಟಾಪ್ ಸದ್ದಿಲ್ಲದೆ ಅಪ್‌ಡೇಟ್ ಇಳಿಸಿಕೊಂಡು ದಿನದ ಡೇಟಾ ಮುಗಿಸುತ್ತದೆ.

ಕಚೇರಿ ಲ್ಯಾಪ್‌ಟಾಪಿನದು ಬೇರೆಯೇ ಕತೆ. ವಿಪಿಎನ್ (ದೂರದ ಸರ್ವರಿಗೆ ಹಾಕಿದ ಎನ್‌ಕ್ರಿಪ್ಟ್ ಆದ ಸುರಂಗ) ಚಾಲೂ ಇದ್ದರೆ ಮನೆಯ ನೆಟ್‌ವರ್ಕಿಗೆ ಹೋಗಬೇಕಾದ ಪ್ಯಾಕೆಟ್ಟುಗಳೂ ಸುರಂಗದೊಳಗೆ ಹೋಗಬಹುದು. ‘ಐಪಿ ರೂಟ್ ಗೆಟ್’ ಎಂದು ಬರೆದು ಫೋನಿನ ವಿಳಾಸ ಕೊಟ್ಟರೆ ಉತ್ತರದಲ್ಲಿ ವೈಫೈ ಕಾರ್ಡಿನ ಹೆಸರು ಬರಬೇಕು. ‘ಟನ್0’ ಎಂದು ಬಂದರೆ ಕಾರಣ ಸಿಕ್ಕಿತು. ಸ್ವಂತ ವಿಪಿಎನ್ ಆದರೆ ಆಫ್ ಮಾಡಿ. ಕಂಪನಿಯದಾದರೆ ಅದು ಅವರ ಭದ್ರತಾ ನಿಯಮ, ಅದನ್ನು ತಪ್ಪಿಸುವ ದಾರಿ ಹುಡುಕಬೇಡಿ. ಫೋನಿನ ಜಾಹೀರಾತು ತಡೆಯುವ ಆ್ಯಪುಗಳಲ್ಲೂ ಕೆಲವು ವಿಪಿಎನ್ ರೂಪದಲ್ಲೇ ಓಡುತ್ತವೆ, ಅವನ್ನೂ ಒಮ್ಮೆ ನಿಲ್ಲಿಸಿ ನೋಡಿ.

ಪಿಂಗ್‌ಗೆ ಉತ್ತರ ಬರುತ್ತಿದೆ, ಆದರೂ ಆ್ಯಪಿನಲ್ಲಿ ಹೆಸರಿಲ್ಲ ಎಂದಾದರೆ ಲ್ಯಾಪ್‌ಟಾಪಿನ ಫೈರ್‌ವಾಲ್ ಕಡೆ ತಿರುಗಿ. ಲಿನಕ್ಸ್ ಫೈರ್‌ವಾಲುಗಳು ಹೊರಹೋಗುವುದನ್ನು ಬಿಡುತ್ತವೆ, ಕರೆಯದೆ ಒಳಬರುವುದನ್ನು ತಡೆಯುತ್ತವೆ. ಫೋನು ಕೂಗಿದರೆ ಆ ಯುಡಿಪಿ ಪ್ಯಾಕೆಟ್ಟು ಬಾಗಿಲಲ್ಲೇ ನಿಲ್ಲುತ್ತದೆ. ಲ್ಯಾಪ್‌ಟಾಪ್ ಕೂಗಿದರೆ ಫೋನಿಗೆ ಕೇಳಿಸುತ್ತದೆ, ಆದರೆ ಅದು ತೆರೆಯಹೊರಟ ಟಿಸಿಪಿ ಸಂಪರ್ಕ ನಿಲ್ಲುತ್ತದೆ. ಅದಕ್ಕೇ ಎರಡನ್ನೂ ತೆರೆಯಬೇಕು. ಕೆಡಿಇ ಕನೆಕ್ಟ್‌ಗೆ ಬೇಕಾದದ್ದು 1714ರಿಂದ 1764ರವರೆಗಿನ ಪೋರ್ಟುಗಳು. ಉಬುಂಟು, ಮಿಂಟ್‌ನಲ್ಲಿ ಫೈರ್‌ವಾಲಿನ ಹೆಸರು ಯುಎಫ್‌ಡಬ್ಲ್ಯೂ. ಅಲ್ಲಿ ‘ಸುಡೊ ಯುಎಫ್‌ಡಬ್ಲ್ಯೂ ಅಲೋ 1714:1764/ಟಿಸಿಪಿ’ ಎಂದು ಒಮ್ಮೆ, ಕೊನೆಯಲ್ಲಿ ‘ಯುಡಿಪಿ’ ಎಂದು ಬದಲಿಸಿ ಇನ್ನೊಮ್ಮೆ ಕೊಡಬೇಕು. ಈ ಎರಡರಲ್ಲೂ ಯುಎಫ್‌ಡಬ್ಲ್ಯೂ ಹೊಸದರಲ್ಲಿ ಚಾಲೂ ಇರುವುದಿಲ್ಲ. ಯಾರೋ ಚಾಲೂ ಮಾಡಿದ್ದರೆ ಮಾತ್ರ ಈ ತೊಂದರೆ. ಫೈರ್‌ವಾಲ್‌ಡಿ ಎಂಬ ಇನ್ನೊಂದು ಫೈರ್‌ವಾಲ್ ಬಳಸುವ ಓಪನ್‌ಸುಸೆಯಂಥವುಗಳಲ್ಲಿ ‘ಕೆಡಿಇಕನೆಕ್ಟ್’ ಎಂಬ ಸಿದ್ಧ ಸೇವೆಯೇ ಇದೆ, ಅದನ್ನು ನಿಮ್ಮ ವೈಫೈ ಇರುವ ಜೋನ್‌ಗೆ (ನಿಯಮಗಳ ಗುಂಪಿಗೆ) ಸೇರಿಸಿದರಾಯಿತು. ಲೋಕಲ್‌ಸೆಂಡ್‌ಗೆ 53317, ಅದೂ ಎರಡೂ ಬಗೆಯಲ್ಲಿ.

ಇಲ್ಲೊಂದು ಸೂಕ್ಷ್ಮವಿದೆ. ಕೆಲವರು ಎಲ್ಲೋ ಓದಿ 1716 ಒಂದನ್ನೇ ತೆರೆದಿರುತ್ತಾರೆ. ಹೆಸರು ಕಾಣುತ್ತದೆ, ಪೇರಿಂಗ್ (ಜೋಡಣೆ) ಆಗುತ್ತದೆ, ಫೋನಿನಿಂದ ಲ್ಯಾಪ್‌ಟಾಪಿಗೆ ಫೋಟೊ ಬರುತ್ತದೆ, ಲ್ಯಾಪ್‌ಟಾಪಿನಿಂದ ಫೋನಿಗೆ ಮಾತ್ರ ಏನೂ ಹೋಗುವುದಿಲ್ಲ. ಕಾರಣ, ಕೆಡಿಇ ಕನೆಕ್ಟ್‌ನಲ್ಲಿ ಫೈಲು ಕಳಿಸುವವರು 1739ರಿಂದ 1764ರೊಳಗೆ ಒಂದು ಪೋರ್ಟ್ ತೆರೆದು ಕಾಯುತ್ತಾರೆ, ಪಡೆಯುವವರು ಅಲ್ಲಿಗೆ ಬಂದು ಎತ್ತಿಕೊಂಡು ಹೋಗುತ್ತಾರೆ. ಫೋನು ಕಳಿಸುವಾಗ ಲ್ಯಾಪ್‌ಟಾಪ್ ಹೊರಗೆ ಹೋಗುತ್ತದೆ, ಅಡ್ಡಿಯಿಲ್ಲ. ಲ್ಯಾಪ್‌ಟಾಪ್ ಕಳಿಸುವಾಗ ಫೋನು ಒಳಗೆ ಬರಬೇಕು, ಬಾಗಿಲು ಮುಚ್ಚಿದೆ. ಒಂದೇ ದಿಕ್ಕಿಗೆ ಫೈಲು ಹೋಗುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಹಾಗೆಯೇ, ಒಂದೇ ಲ್ಯಾಪ್‌ಟಾಪಿನಲ್ಲಿ ಕೆಡಿಇ ಕನೆಕ್ಟ್, ಜಿಎಸ್‌ಕನೆಕ್ಟ್ ಎರಡನ್ನೂ ಓಡಿಸಬೇಡಿ. ಎರಡಕ್ಕೂ 1716 ಬೇಕು, ಒಂದು ಹಿಡಿದುಕೊಂಡರೆ ಇನ್ನೊಂದಕ್ಕೆ ಸಿಗದು. ಫೋನಿನ ಫೋಲ್ಡರುಗಳನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ನೋಡುವ ಸೌಲಭ್ಯ ಮಾತ್ರ ಕೆಲಸ ಮಾಡದಿದ್ದರೆ ‘ಎಸ್‌ಎಸ್‌ಎಚ್‌ಎಫ್‌ಎಸ್’ ಪ್ಯಾಕೇಜ್ ಇದೆಯೇ ನೋಡಿ.

ಆ್ಯಪನ್ನೇ ಬದಿಗಿಟ್ಟು ದಾರಿಯನ್ನು ಪರೀಕ್ಷಿಸಲು ಒಂದು ಒಳ್ಳೆಯ ಉಪಾಯವಿದೆ. ಒಂದು ಖಾಲಿ ಫೋಲ್ಡರಿನಲ್ಲಿ ಯಾವುದಾದರೂ ಫೋಟೊ ಇಟ್ಟು, ಅಲ್ಲಿಂದಲೇ ‘ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್ 8000’ ಎಂದು ಓಡಿಸಿ. ಫೋನಿನ ಬ್ರೌಸರಿನಲ್ಲಿ ಲ್ಯಾಪ್‌ಟಾಪಿನ ವಿಳಾಸ, ಕೋಲನ್, 8000 ಹಾಕಿ. ಫೋಟೊದ ಹೆಸರು ಬಂದರೆ ನೆಟ್‌ವರ್ಕು ಸರಿಯಿದೆ, ತೊಂದರೆ ಆ್ಯಪಿನದೋ ಅದರ ಪೋರ್ಟಿನದೋ. ಬಾರದಿದ್ದರೆ ಫೈರ್‌ವಾಲನ್ನು ಎರಡು ನಿಮಿಷ ನಿಲ್ಲಿಸಿ ಮತ್ತೆ ನೋಡಿ. ಆಗ ಬಂದರೆ ಫೈರ್‌ವಾಲ್, ಆಗಲೂ ಬಾರದಿದ್ದರೆ ರೂಟರು. ಮುಗಿದ ಮೇಲೆ ಕಂಟ್ರೋಲ್-ಸಿ ಒತ್ತಿ ಸರ್ವರ್ ನಿಲ್ಲಿಸಿ, ಫೈರ್‌ವಾಲ್ ಮತ್ತೆ ಹಾಕಿ. ಆ ಸರ್ವರಿಗೆ ಪಾಸ್‌ವರ್ಡೂ ಇಲ್ಲ, ಎನ್‌ಕ್ರಿಪ್ಷನ್ನೂ ಇಲ್ಲ.

ಫೈಲು ಹೊರಟು ನಡುವೆ ನಿಂತರೆ ಫೋನಿನ ಬ್ಯಾಟರಿ ಉಳಿತಾಯವನ್ನು ನೋಡಿ. ಸ್ಕ್ರೀನ್ ಆರಿದ ಮೇಲೆ ಆಂಡ್ರಾಯ್ಡ್ ಹಿನ್ನೆಲೆಯ ಆ್ಯಪನ್ನು ಮಲಗಿಸಿಬಿಡುತ್ತದೆ. ಆ ಆ್ಯಪಿನ ಬ್ಯಾಟರಿ ಸೆಟ್ಟಿಂಗನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ. ಐಫೋನಿನಲ್ಲಿ ‘ಲೋಕಲ್ ನೆಟ್‌ವರ್ಕ್’ ಅನುಮತಿ ಕೊಟ್ಟಿರಬೇಕು, ಆ್ಯಪ್ ತೆರೆದೇ ಇರಬೇಕು.

ಇನ್ನು ವೇಗ. ‘ನಮ್ಮದು 300 ಎಂಬಿಪಿಎಸ್ ಪ್ಲಾನು, ಆದರೂ ನಿಧಾನ’ ಎನ್ನುವವರಿದ್ದಾರೆ. ಮನೆಯೊಳಗಿನ ಈ ಸಾಗಣೆಗೂ ಆ ಪ್ಲಾನಿಗೂ ಸಂಬಂಧವಿಲ್ಲ. 1 ಜಿಬಿ ಎಂದರೆ 8000 ಮೆಗಾಬಿಟ್. ವೈಫೈ ನಿಜಕ್ಕೂ 160 ಎಂಬಿಪಿಎಸ್ ಕೊಟ್ಟರೆ 50 ಸೆಕೆಂಡು, 20 ಕೊಟ್ಟರೆ ಏಳು ನಿಮಿಷದ ಹತ್ತಿರ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಪಾರ್ಟ್‌ಮೆಂಟಿನಲ್ಲಿ ಕೂತು ‘ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಲಿಸ್ಟ್’ ಕೊಟ್ಟರೆ ಮೇಲಿನವರು, ಕೆಳಗಿನವರು, ಎದುರು ಬ್ಲಾಕಿನವರು ಎಲ್ಲರೂ ಅದೇ ಮೂರರಲ್ಲಿ ತುಂಬಿರುವುದು ಕಾಣುತ್ತದೆ. ಎರಡೂ ಸಾಧನಗಳನ್ನು 5 ಗಿಗಾಹರ್ಟ್ಸ್‌ಗೆ ಸರಿಸಿ. ಇನ್ನೂ ಮುಖ್ಯವಾದದ್ದು: ಎರಡೂ ಒಂದೇ ವೈಫೈನಲ್ಲಿದ್ದರೆ ಪ್ರತಿ ಬೈಟೂ ಒಂದೇ ಚಾನೆಲ್‌ನಲ್ಲಿ ಎರಡು ಸಲ ಸಾಗುತ್ತದೆ, ಫೋನಿನಿಂದ ರೂಟರಿಗೆ ಒಮ್ಮೆ, ರೂಟರಿನಿಂದ ಲ್ಯಾಪ್‌ಟಾಪಿಗೆ ಇನ್ನೊಮ್ಮೆ. ವೇಗ ಅರ್ಧಕ್ಕಿಳಿಯುತ್ತದೆ. ಲ್ಯಾಪ್‌ಟಾಪಿಗೆ ಲ್ಯಾನ್ ಕೇಬಲ್ ಹಾಕಿದರೆ ಆ ಅರ್ಧ ವಾಪಸ್ ಸಿಗುತ್ತದೆ. ರೂಟರಿನ ಪೋರ್ಟ್ ಗಿಗಾಬಿಟ್‌ನದಾಗಿರಲಿ, 100 ಎಂಬಿಪಿಎಸ್‌ನದಾದರೆ ಸೆಕೆಂಡಿಗೆ 12.5 ಎಂಬಿಗಿಂತ ಮೇಲೆ ಹೋಗದು.

ಬ್ಲೂಟೂತ್ ಇಂಥ ದೊಡ್ಡ ಫೈಲಿಗೆ ಅಲ್ಲವೇ ಅಲ್ಲ. ಅದರ ನಿಜವಾದ ವೇಗ ಹೆಚ್ಚೆಂದರೆ 2.1 ಎಂಬಿಪಿಎಸ್, 1 ಜಿಬಿಗೆ ಒಂದು ಗಂಟೆಗೂ ಮೇಲೆ ಬೇಕು. ನಾಲ್ಕು ಫೋಟೊ, ಒಂದು ಪಿಡಿಎಫ್ ಆದರೆ ಸರಿ. ಗ್ನೋಮ್‌ನಲ್ಲಿ ಬ್ಲೂಟೂತ್ ಸೆಟ್ಟಿಂಗಿನ ಪುಟ ತೆರೆದಿದ್ದಾಗ ಮಾತ್ರ ಅದು ಫೈಲು ಸ್ವೀಕರಿಸುತ್ತದೆ, ಪುಟ ಮುಚ್ಚಿದರೆ ಫೋನಿನಲ್ಲಿ ‘ಫೇಲ್ಡ್’ ಎಂದು ಬರುತ್ತದೆ.

ಎಲ್ಲ ಸರಿಯಿದ್ದು ಒಂದೇ ಒಂದು ಫೈಲು ಹಟ ಹಿಡಿದರೆ, ಅದು ಬಂದು ಬೀಳುವ ಜಾಗ ನೋಡಿ. ಫ್ಯಾಟ್32 ಎಂಬ ಹಳೆಯ ಫಾರ್ಮ್ಯಾಟಿನ ಪೆನ್‌ಡ್ರೈವ್ ಆದರೆ 4 ಜಿಬಿ ಮುಟ್ಟುವಾಗ ನಿಲ್ಲುತ್ತದೆ. ಇನ್ನೊಂದು ಕಾರಣ ಕನ್ನಡದಲ್ಲಿ ಉದ್ದುದ್ದ ಹೆಸರಿಡುವವರಿಗೆ ಮಾತ್ರ ಎದುರಾಗುವಂಥದು. ಲಿನಕ್ಸ್ ಡಿಸ್ಕಿನಲ್ಲಿ ಫೈಲಿಡುವ ಎಕ್ಸ್‌ಟಿ4 ಫಾರ್ಮ್ಯಾಟಿನಲ್ಲಿ ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಒತ್ತಕ್ಷರ, ಸ್ವರಚಿಹ್ನೆಗಳ ಲೆಕ್ಕವೂ ಬೇರೆ ಬೇರೆ. ‘ಲಕ್ಷ್ಮೀ’ ಎಂಬ ಚಿಕ್ಕ ಪದದಲ್ಲಿ ಏಳು ಸಂಕೇತಗಳಿವೆ, ಅಂದರೆ 21 ಬೈಟ್. ಒಟ್ಟು 85 ಸಂಕೇತಕ್ಕೇ ಮಿತಿ ಮುಗಿಯುತ್ತದೆ. ಫೋನಿನ ಎಕ್ಸ್‌ಫ್ಯಾಟ್ ಎಸ್‌ಡಿ ಕಾರ್ಡಿನಲ್ಲಿ ಇದಕ್ಕಿಂತ ಉದ್ದದ ಹೆಸರು ಹಿಡಿಯುತ್ತದೆ, ಲ್ಯಾಪ್‌ಟಾಪಿಗೆ ಬಂದಾಗ ‘ಫೈಲ್ ನೇಮ್ ಟೂ ಲಾಂಗ್’ ಎಂಬ ದೂರು. ಫೋನಿನಲ್ಲೇ ಹೆಸರು ಮೊಟಕು ಮಾಡಿ ಕಳಿಸಿ.

ಮದುವೆಯ 40–50 ಜಿಬಿ ವಿಡಿಯೊಗಳಿಗೆ ಆರ್‌ಸಿಂಕ್ ಎಂಬ ಫೈಲು ನಕಲಿಸುವ ಕಮಾಂಡು ಒಳ್ಳೆಯದು. ಮಳೆಗಾಲದ ಸಂಜೆ ಕರೆಂಟು ಹೋಗಿ ರೂಟರು ಆರಿದರೆ ಆ್ಯಪುಗಳು ಸಾಮಾನ್ಯವಾಗಿ ಆ ಫೈಲನ್ನು ಮೊದಲಿನಿಂದ ಶುರು ಮಾಡುತ್ತವೆ, ಆರ್‌ಸಿಂಕ್ ಈಗಾಗಲೇ ಬಂದ ಭಾಗವನ್ನು ಉಳಿಸಿಕೊಂಡು ಮುಂದುವರಿಯುತ್ತದೆ. ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್ ಅಂಗಡಿಯಿಂದ ಟರ್ಮಕ್ಸ್ (ಆಂಡ್ರಾಯ್ಡ್‌ನಲ್ಲಿ ಓಡುವ ಟರ್ಮಿನಲ್) ಹಾಕಿ, ಅದರೊಳಗೆ ಓಪನ್‌ಎಸ್‌ಎಸ್‌ಎಚ್, ಆರ್‌ಸಿಂಕ್ ಪ್ಯಾಕೇಜುಗಳನ್ನು ಹಾಕಿಕೊಳ್ಳಿ. ‘ಟರ್ಮಕ್ಸ್-ಸೆಟಪ್-ಸ್ಟೋರೇಜ್’ ಕೊಟ್ಟು ಅನುಮತಿ ಒಪ್ಪಿ, ‘ಪಾಸ್‌ಡಬ್ಲ್ಯೂಡಿ’ಯಿಂದ ಪಾಸ್‌ವರ್ಡ್ ಇಟ್ಟು, ‘ಎಸ್‌ಎಸ್‌ಎಚ್‌ಡಿ’ ಓಡಿಸಿ. ಅದು ಸಂಪರ್ಕಕ್ಕೆ ಕಿವಿಗೊಡುವುದು ಎಂದಿನ 22ನೇ ಪೋರ್ಟ್‌ನಲ್ಲಲ್ಲ, 8022ರಲ್ಲಿ. ಲ್ಯಾಪ್‌ಟಾಪಿನ ಆರ್‌ಸಿಂಕ್‌ಗೆ ಆ ಪೋರ್ಟ್ ತಿಳಿಸಿ, ‘--ಪಾರ್ಷಿಯಲ್’ ಸೇರಿಸಿ ಫೋನಿನ ಕ್ಯಾಮೆರಾ ಫೋಲ್ಡರನ್ನು ಎಳೆದುಕೊಳ್ಳಿ. ಇಲ್ಲಿ ಫೋನೇ ಸರ್ವರ್, ಹಾಗಾಗಿ ಲ್ಯಾಪ್‌ಟಾಪಿನ ಫೈರ್‌ವಾಲ್ ಅಡ್ಡ ಬರುವುದಿಲ್ಲ. ಸಂಪರ್ಕ ಕಡಿದರೆ ಅದೇ ಕಮಾಂಡನ್ನು ಮತ್ತೆ ಕೊಟ್ಟರೆ ಸಾಕು. ಎಲ್ಲ ಬಂದ ಮೇಲೆ, ಫೋನಿನಿಂದ ಅಳಿಸುವ ಮುನ್ನ, ಅದೇ ಕಮಾಂಡಿಗೆ ‘-ಸಿ’ ಸೇರಿಸಿ ಇನ್ನೊಮ್ಮೆ ಓಡಿಸಿ. ಅದು ಎರಡೂ ಕಡೆಯ ಫೈಲುಗಳ ಚೆಕ್‌ಸಮ್ (ಒಳಗಿನ ಮಾಹಿತಿಯಿಂದ ಲೆಕ್ಕಹಾಕಿದ ಗುರುತು ಸಂಖ್ಯೆ) ಹೋಲಿಸಿ, ವ್ಯತ್ಯಾಸ ಇರುವುದನ್ನು ಮಾತ್ರ ಮತ್ತೆ ತರುತ್ತದೆ.