ವಿಪ್ಪಲ್ ಆದ ಮೇಲೆ ಡ್ರೈನ್ ಚಾರ್ಟ್ ಓದುವುದು: 'ಮೂರು ಪಟ್ಟು' ಎಂದರೆ ಯಾವುದರ ಮೂರು ಪಟ್ಟು?

ವಿಪ್ಪಲ್ ಶಸ್ತ್ರಕ್ರಿಯೆಯಲ್ಲಿ ತೆಗೆಯುವುದು ಮೇದೋಜೀರಕ ಗ್ರಂಥಿಯ ತಲೆ, ಡ್ಯುವೋಡಿನಮ್ (ಸಣ್ಣ ಕರುಳಿನ ಮೊದಲ ಭಾಗ), ಪಿತ್ತಕೋಶ ಮತ್ತು ಪಿತ್ತನಾಳದ ಕೆಳಭಾಗ. ಜಠರದ ತುದಿಯೂ ಹಲವು ಬಾರಿ ಹೋಗುತ್ತದೆ. ಆಮೇಲಿನ ಆರೈಕೆಗೆ ಬೇಕಾದದ್ದು ಮೂರು ಜೋಡಣೆಗಳ ನೆನಪು: ಉಳಿದ ಗ್ರಂಥಿ, ಪಿತ್ತನಾಳ, ಜಠರ, ಮೂರನ್ನೂ ಸಣ್ಣ ಕರುಳಿನ ಮುಂದಿನ ಭಾಗವಾದ ಜೆಜುನಮ್‌ಗೆ ಹೊಲಿಯುತ್ತಾರೆ. ಕಾಟ ಕೊಡುವುದು ಹೆಚ್ಚಾಗಿ ಮೊದಲನೆಯದು. ಗ್ರಂಥಿ ಬೆಣ್ಣೆಯ ಹಾಗೆ ಮೆತ್ತಗಿದ್ದು ನಾಳ 2-3 ಮಿ.ಮೀ. ಇದ್ದರೆ ಹೊಲಿಗೆ ಹಿಡಿಯುವುದಿಲ್ಲ. ಗಡ್ಡೆ ನಾಳವನ್ನು ಬಹುಕಾಲ ಕಟ್ಟಿ, ಗ್ರಂಥಿ ಗಟ್ಟಿಯಾಗಿ ನಾಳ ಉಬ್ಬಿದ್ದರೆ ಜೋಡಣೆ ಚೆನ್ನಾಗಿ ಕೂರುತ್ತದೆ. ಆದ್ದರಿಂದ ಆಪರೇಷನ್ ನೋಟ್‌ನಲ್ಲಿ ಮೊದಲು ಹುಡುಕಬೇಕಾದದ್ದು ಗ್ರಂಥಿಯ ಮೆದುತನ ಮತ್ತು ನಾಳದ ಅಳತೆ.

ಅಮೈಲೇಸ್: ಎಡವುವ ಜಾಗ

ಅಂತಾರಾಷ್ಟ್ರೀಯ ತಂಡ (ಐಎಸ್‌ಜಿಪಿಎಸ್) 2016ರಲ್ಲಿ ತಿದ್ದಿದ ಫಿಸ್ಟುಲಾದ (ಗ್ರಂಥಿಯ ಜೋಡಣೆಯ ಸೋರಿಕೆಯ) ವ್ಯಾಖ್ಯೆ ಹೀಗೆ: ಮೂರನೇ ದಿನ ಅಥವಾ ಆಮೇಲೆ ಡ್ರೈನ್ (ಹೊಟ್ಟೆಯೊಳಗಿನ ದ್ರವವನ್ನು ಹೊರತರುವ ಕೊಳವೆ) ದ್ರವದಲ್ಲಿ ಗ್ರಂಥಿರಸದ ಎಂಜೈಮ್ ಆದ ಅಮೈಲೇಸ್ ರಕ್ತದ ಸಾಮಾನ್ಯ ಮಿತಿಯ ಮೂರು ಪಟ್ಟಿಗಿಂತ ಹೆಚ್ಚಿರಬೇಕು, ಜೊತೆಗೆ ಅದರಿಂದ ರೋಗಿಯ ಸ್ಥಿತಿಯಲ್ಲೋ ಚಿಕಿತ್ಸೆಯಲ್ಲೋ ಬದಲಾವಣೆ ಆಗಿರಬೇಕು. ಆಗ ಮಾತ್ರ ಅದು ಫಿಸ್ಟುಲಾ.

ಈ ಒಂದು ವಾಕ್ಯದಲ್ಲಿ ನಾಲ್ಕು ಕಡೆ ಕಾಲು ಜಾರುತ್ತದೆ.

ಮೂರು ಪಟ್ಟು ಎಂದರೆ ಆ ರೋಗಿಯ ಇಂದಿನ ರಕ್ತದ ಅಮೈಲೇಸ್‌ನ ಮೂರು ಪಟ್ಟು ಅಲ್ಲ. ನಿಮ್ಮ ಲ್ಯಾಬ್ ವರದಿಯ ಬದಿಯಲ್ಲಿ ಅಚ್ಚಾಗಿರುವ ಸಾಮಾನ್ಯ ವ್ಯಾಪ್ತಿಯ ಮೇಲಿನ ಅಂಕಿಯ ಮೂರು ಪಟ್ಟು. ಅದು 100 ಇದ್ದರೆ ಗೆರೆ 300. ಇಂದು ರೋಗಿಯ ರಕ್ತದಲ್ಲಿ 200 ಇದ್ದರೂ ಗೆರೆ 600ಕ್ಕೆ ಏರುವುದಿಲ್ಲ, 300ರಲ್ಲೇ ನಿಲ್ಲುತ್ತದೆ. ಕಾಸರಗೋಡಿನ ಲ್ಯಾಬಿನ ಮಿತಿಯೂ ಮಂಗಳೂರಿನ ಆಸ್ಪತ್ರೆಯ ಮಿತಿಯೂ ಒಂದೇ ಇರಬೇಕೆಂದಿಲ್ಲ. ರೋಗಿ ಗಡಿ ದಾಟಿ ಬಂದಾಗ ಅಂಕಿಯ ಜೊತೆ ಮಿತಿಯನ್ನೂ ಬರೆದುಕೊಳ್ಳಿ.

ದ್ರವ ಎಷ್ಟು ಬಂತು ಎನ್ನುವುದು ವ್ಯಾಖ್ಯೆಯಲ್ಲಿ ಇಲ್ಲ. ಅಳೆಯುವಷ್ಟಿದ್ದರೆ ಸಾಕು. 'ಇವತ್ತು 20 ಮಿ.ಲೀ. ಮಾತ್ರ, ಕಳಿಸುವುದು ಬೇಡ' ಎನ್ನುವುದು ತಪ್ಪು. ಹಾಗೆಯೇ ನಿನ್ನೆಯಿಂದ ಚೀಲದಲ್ಲಿ ನಿಂತದ್ದನ್ನು ಕಳಿಸದೆ, ಚೀಲ ಖಾಲಿ ಮಾಡಿ ಹೊಸದಾಗಿ ಇಳಿದದ್ದನ್ನು ಕಳಿಸಬೇಕು. ಎರಡು ಡ್ರೈನ್ ಇದ್ದರೆ ಎರಡು ಬಾಟಲಿ, ಎಡ-ಬಲ ಬರೆದು.

ಮೊದಲ ದಿನದ ಅಂಕಿಗೆ ಬೇರೆ ಕೆಲಸ. ಮೊದಲ ದಿನ 5,000 ಯೂನಿಟ್‌ಗಿಂತ ಕಡಿಮೆ ಇದ್ದರೆ 72 ಗಂಟೆಗೆ ಡ್ರೈನ್ ತೆಗೆಯಬಹುದು ಎನ್ನುತ್ತದೆ ಇರಾಸ್ (ಶಸ್ತ್ರಕ್ರಿಯೆಯ ನಂತರ ಬೇಗ ಚೇತರಿಸುವ ಆರೈಕೆಯ) ಮಾರ್ಗಸೂಚಿ. 5,000 ಕೇಳುವುದು 'ಮುಂದೆ ಸೋರುವ ಸಂಭವ ಎಷ್ಟು?' ಎಂದು, 300 ಕೇಳುವುದು 'ಈಗ ಸೋರುತ್ತಿದೆಯೇ?' ಎಂದು. ಎರಡನ್ನೂ ಒಂದೇ ಸಾಲಿನಲ್ಲಿ ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲೂ ವಾರ್ಡಿನಲ್ಲೂ ಕೈಕೊಡುತ್ತದೆ.

ಕೊನೆಯದು, ಅಂಕಿ ಹೆಚ್ಚಿದ್ದ ಮಾತ್ರಕ್ಕೆ ಫಿಸ್ಟುಲಾದ ತೀವ್ರತೆಯ ಗ್ರೇಡ್ ಸಿಗುವುದಿಲ್ಲ. ಮೂರನೇ ದಿನ 450, ರೋಗಿ ಎದ್ದು ಓಡಾಡುತ್ತಾರೆ, ಜ್ವರವಿಲ್ಲ: ಇದು ಬರೀ ಬಯೋಕೆಮಿಕಲ್ ಸೋರಿಕೆ, ಹಿಂದೆ ಗ್ರೇಡ್ ಎ ಎನ್ನುತ್ತಿದ್ದರು. ಅದೇ ಡ್ರೈನ್ ಮೂರು ವಾರ ದಾಟಿಯೂ ಉಳಿದರೆ, ಅಥವಾ ಸೋಂಕು ತೋರಿದರೆ, ಅಥವಾ ಸಿಟಿ ನೋಡಿಕೊಂಡು ಇನ್ನೊಂದು ಕೊಳವೆ ಹಾಕಬೇಕಾದರೆ ಗ್ರೇಡ್ ಬಿ. ಸೋರಿಕೆಯಿಂದ ಮತ್ತೆ ಹೊಟ್ಟೆ ತೆರೆಯಬೇಕಾದರೆ, ಅಂಗ ವಿಫಲವಾದರೆ, ಸಾವಾದರೆ ಸಿ. ಹಾಗಾಗಿ ಮೂರನೇ ದಿನ ಗ್ರೇಡ್ ಬರೆದು ಮುಗಿಸಲಾಗದು. ಅದು ಮುಂದೆ ಬದಲಾಗುತ್ತದೆ.

ದಿನವೂ ನೋಡುವುದರ ಬೆಲೆ

ನೆದರ್ಲೆಂಡ್ಸ್‌ನ 17 ಕೇಂದ್ರಗಳ ಪೋರ್ಶ್ ಅಧ್ಯಯನ (2022) ಹೊಸ ಔಷಧಿಯನ್ನಾಗಲಿ ಹೊಸ ಹೊಲಿಗೆಯನ್ನಾಗಲಿ ತರಲಿಲ್ಲ. ಮೂರನೇ ದಿನದಿಂದ 14ನೇ ದಿನದವರೆಗೆ ದಿನಕ್ಕೊಮ್ಮೆ ಒಂದೇ ಕ್ರಮದಲ್ಲಿ ತಪಾಸಣೆ. ಸಿಟಿ ಯಾವಾಗ, ಆಂಟಿಬಯೋಟಿಕ್ ಯಾವಾಗ, ಕೊಳವೆ ಹಾಕುವುದು ಯಾವಾಗ, ಡ್ರೈನ್ ತೆಗೆಯುವುದು ಯಾವಾಗ ಎಂದು ಮೊದಲೇ ನಿಗದಿ. ರಕ್ತಸ್ರಾವಕ್ಕೆ ಚಿಕಿತ್ಸೆ, ಅಂಗ ವಿಫಲತೆ, 90 ದಿನದೊಳಗಿನ ಸಾವು, ಇವುಗಳ ಒಟ್ಟು ಪ್ರಮಾಣ ಶೇ 14ರಿಂದ 8ಕ್ಕೆ, ಸಾವು ಮಾತ್ರ ನೋಡಿದರೆ ಶೇ 5ರಿಂದ 3ಕ್ಕೆ ಇಳಿಯಿತು. ಬಿಳಿ ರಕ್ತಕಣ, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ), ಡ್ರೈನಿನ ಬಣ್ಣ, ಜ್ವರ, ನಾಡಿಗಳನ್ನು ಬಿಡಿಬಿಡಿಯಾಗಿ ಅಲ್ಲ, ನಿನ್ನೆಯದರ ಪಕ್ಕದಲ್ಲಿಟ್ಟು ಓದಬೇಕು.

ಸ್ವಲ್ಪ ರಕ್ತ, ಆಮೇಲೆ ಎಲ್ಲ ಸರಿ

ಸೋರಿದ ಗ್ರಂಥಿರಸ, ಅದಕ್ಕಿಂತ ಹೆಚ್ಚಾಗಿ ಸೋಂಕು ತಗುಲಿದ ರಸ, ಗ್ಯಾಸ್ಟ್ರೊಡ್ಯುವೋಡಿನಲ್ ಧಮನಿಯ ಕಟ್ಟಿದ ತುದಿಯನ್ನು ಸವೆಸುತ್ತದೆ. ಅಲ್ಲಿ ಹುಸಿ ಅನ್ಯೂರಿಸಂ (ಧಮನಿಯ ಗೋಡೆ ಹರಿದು ರಕ್ತ ತುಂಬಿದ ಉಬ್ಬು) ಬೆಳೆದು ಡ್ರೈನಿನಲ್ಲೋ ವಾಂತಿಯಲ್ಲೋ ಸ್ವಲ್ಪ ರಕ್ತ ಕಾಣಿಸಿ, ತಾನಾಗಿ ನಿಂತುಬಿಡುತ್ತದೆ. ಇದು ಮುನ್ಸೂಚನೆಯ ರಕ್ತಸ್ರಾವ. ಗಂಟೆಗಳಲ್ಲೋ ದಿನಗಳಲ್ಲೋ ದೊಡ್ಡದು ಬರಬಹುದು. ಆದ್ದರಿಂದ 'ಕಾದು ನೋಡೋಣ' ಇಲ್ಲ: ರಕ್ತ ಕ್ರಾಸ್‌ಮ್ಯಾಚ್, ಸಿಟಿ ಆಂಜಿಯೋಗ್ರಾಂ, ರಕ್ತ ನಿಲ್ಲಿಸಲು ಧಮನಿಯೊಳಗಿಂದಲೇ ಕಾಯಿಲ್ ಅಥವಾ ಸ್ಟೆಂಟ್. ಬದಿಯಡ್ಕದ ಮನೆಗೆ ಹೋದವರಿಗೂ ಹೇಳಿಬಿಡಬೇಕು: ಒಂದು ಚಮಚ ರಕ್ತ ಕಂಡು ನಿಂತರೂ ಹತ್ತಿರದ ಕ್ಲಿನಿಕ್‌ನಲ್ಲಿ ಹೊತ್ತು ಕಳೆಯದೆ, ಈ ಸೌಲಭ್ಯ ಇರುವ ಆಸ್ಪತ್ರೆಗೇ ಬನ್ನಿ.

ಜಠರ ತಡವಾಗಿ ಖಾಲಿಯಾಗುವುದರ ಬಗ್ಗೆ ಒಂದೇ ಮಾತು. ಮೂಗಿನ ಕೊಳವೆ 4-7 ದಿನ ಬೇಕಾದರೆ ಗ್ರೇಡ್ ಎ, 8-14 ಆದರೆ ಬಿ, 14 ದಾಟಿದರೆ ಸಿ. ಹೊಟ್ಟೆಯೊಳಗೆ ಸೋರಿಕೆ ಇದ್ದರೂ ಹೀಗಾಗುತ್ತದೆ; ಜಠರವನ್ನು ಮುಂದೂಡುವ ಮೆಟೊಕ್ಲೊಪ್ರಮೈಡ್ ಕೊಡುವ ಮುಂಚೆ ಅದನ್ನು ನೆನಪಿಸಿಕೊಳ್ಳಿ.

ಗಂಜಿ ಮತ್ತು ಕ್ಯಾಪ್ಸೂಲ್

ಮನೆಯವರು ಎಣ್ಣೆ, ತೆಂಗಿನಕಾಯಿ, ಮೀನು ಎಲ್ಲ ನಿಲ್ಲಿಸಿ ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿಗೆ ಇಳಿಸಿಬಿಡುತ್ತಾರೆ. ಮಲ ಸರಿಯಾಗುತ್ತದೆ, ತೂಕ ಕರಗುತ್ತದೆ. ಮಲ ಜಿಡ್ಡಾಗಿ ತೇಲಿದರೆ ಕಡಿಮೆ ಮಾಡಬೇಕಾದದ್ದು ಕೊಬ್ಬನ್ನಲ್ಲ, ಹೆಚ್ಚಿಸಬೇಕಾದದ್ದು ಗ್ರಂಥಿರಸದ ಕೊರತೆ ತುಂಬಲು ಕೊಡುವ ಎಂಜೈಮ್ ಕ್ಯಾಪ್ಸೂಲ್. ಊಟಕ್ಕೆ ಲೈಪೇಸ್ (ಕೊಬ್ಬು ಕರಗಿಸುವ ಎಂಜೈಮ್) 40,000-50,000 ಯೂನಿಟ್, ನಡುವಿನ ತಿಂಡಿಗೆ 25,000 ಯೂನಿಟ್‌ನಿಂದ ಶುರು. ಗಸಿಯಂಥ ತೆಂಗಿನಕಾಯಿಯ ಅಡುಗೆಯ ದಿನ ಹೆಚ್ಚೇ ಬೇಕಾಗಬಹುದು.

ಊಟ ಮುಗಿದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಮೊದಲ ತುತ್ತಿನ ಜೊತೆ ಒಂದು, ನಡುವೆ ಇನ್ನೊಂದು. ಅಗಿಯಬಾರದು. ನುಂಗಲಾಗದವರಿಗೆ ಕ್ಯಾಪ್ಸೂಲ್ ಬಿಡಿಸಿ ಗುಳಿಗೆಗಳನ್ನು ತಣ್ಣಗಿನ, ತುಸು ಹುಳಿಯಾದ ಮೆದು ಆಹಾರದಲ್ಲಿ ಕೊಡಬಹುದು, ಬಿಸಿ ಗಂಜಿಯಲ್ಲಿ ಅಲ್ಲ, ಎಂಜೈಮ್ ಹಾಳಾಗುತ್ತದೆ. ಡೋಸ್ ಏರಿಸಿದರೂ ಸರಿಹೋಗದಿದ್ದರೆ ಆಮ್ಲ ತಗ್ಗಿಸುವ ಮಾತ್ರೆ ಸೇರಿಸಿ ನೋಡುತ್ತಾರೆ.

ಈ ಎಂಜೈಮ್ ಹಂದಿಯ ಗ್ರಂಥಿಯಿಂದ ಬರುತ್ತದೆ. ಮುಸ್ಲಿಂ ಮನೆಗಳಿಗೂ ಸಸ್ಯಾಹಾರಿ ಮನೆಗಳಿಗೂ ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಲ್ಲ, ಶಸ್ತ್ರಕ್ರಿಯೆಗೆ ಮುಂಚೆಯೇ ಇದನ್ನು ಹೇಳಿ ಮಾತಾಡಿಕೊಂಡಿರಬೇಕು. ಆಮೇಲೆ ಗೊತ್ತಾದರೆ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸುತ್ತಾರೆ, ತೂಕ ಯಾಕೆ ಇಳಿಯುತ್ತಿದೆ ಎಂದು ನಾವು ಸಿಟಿ ಬರೆಯುತ್ತಿರುತ್ತೇವೆ.